ಸಹಾಯ ಬೇಕು: ಕೆಲಸ ಕಲಿತ ಹುಡುಗರನ್ನು ಉಳಿಸಿಕೊಳ್ಳುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಮೆಷಿನ್ ಶಾಪ್ ಇದೆ. ಪಂಪ್, ವಾಲ್ವ್‌ಗಳ ಬಿಡಿಭಾಗ ಮಾಡುತ್ತೇವೆ. ಐಟಿಐ, ಡಿಪ್ಲೊಮಾ ಮುಗಿಸಿದ ಹುಡುಗರು ಸೇರುತ್ತಾರೆ. ಜಾಬ್ ಅಂದರೆ ಲೋಹದ ತುಂಡನ್ನು ಮೆಷಿನ್‌ಗೆ ಲೋಡ್ ಮಾಡುವುದು, ಅಳತೆಗೆ ಮೈಕ್ರೋಮೀಟರ್ ಹಿಡಿಯುವುದು, ಅಳತೆ ಸರಿಹೊಂದಿಸಲು ಆಫ್‌ಸೆಟ್ ಕೊಡುವುದು ಎಲ್ಲ ಕಲಿಯುತ್ತಾರೆ. ಸೆಟ್ಟಿಂಗ್, ಅಂದರೆ ಹೊಸ ಭಾಗಕ್ಕೆ ಮೆಷಿನ್ ಸಜ್ಜು ಮಾಡುವುದು, ಕೈಗೆ ಹತ್ತುವ ಹೊತ್ತಿಗೆ ಬಿಟ್ಟು ಹೋಗುತ್ತಾರೆ. ಕೆಲವರು ದೊಡ್ಡ ಕಂಪನಿಗೆ, ಇನ್ನು ಕೆಲವರು ಡೆಲಿವರಿ ಕೆಲಸಕ್ಕೆ.

ಅವರ ಮೇಲೆ ನನಗೆ ಸಿಟ್ಟಿಲ್ಲ. ಹಾಸನ, ರಾಯಚೂರು ಕಡೆಯಿಂದ ಬಂದವರು. ಪಿಜಿ ಬಾಡಿಗೆ, ಊಟದ ಖರ್ಚು ಕಳೆದರೆ ಮನೆಗೆ ಕಳಿಸೋಕೆ ಏನು ಉಳಿಯುತ್ತೆ? ರಾತ್ರಿ ಪಾಳಿ ಬೇರೆ. ಆದರೆ ಬಿಟ್ಟು ಹೋಗುವಾಗ ಒಬ್ಬ ಹುಡುಗ, "ಸಾರ್, ಮುಂದಿನ ವರ್ಷವೂ ಇದೇ ಬಟನ್ ಒತ್ತುತ್ತಾ ಇರಬೇಕಾ?" ಅಂತ ಕೇಳಿದ. ಸಂಬಳಕ್ಕಿಂತ ಇದೇ ದೊಡ್ಡ ಕಾರಣ ಅನ್ನಿಸುತ್ತಿದೆ.

ಹಾಗಾಗಿ ಆಪರೇಟರ್, ಸೆಟ್ಟರ್, ಪ್ರೋಗ್ರಾಮರ್ ಅಂತ ಮೂರು ಹಂತ ಮಾಡಿ, ಪ್ರತಿ ಹಂತದಲ್ಲಿ ಸಂಬಳ ಎಷ್ಟು ಏರುತ್ತೆ ಅಂತ ಸೇರುವ ದಿನವೇ ಬರೆದು ಕೊಡಬೇಕು ಅಂದುಕೊಂಡಿದ್ದೇನೆ. ಆಸಕ್ತಿ ಇರುವವರನ್ನು ಜಿಟಿಟಿಸಿಯ (ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ) ಕೋರ್ಸಿಗೆ ನಮ್ಮ ಖರ್ಚಿನಲ್ಲೇ ಕಳಿಸುವ ಆಸೆಯೂ ಇದೆ. ಬಾಂಡ್ ಬರೆಸಿಕೊಳ್ಳಲು ಮಾತ್ರ ಮನಸ್ಸಿಲ್ಲ. ಸುಮ್ನೆ ಕಟ್ಟಿಹಾಕಿದರೆ ಯಾರೂ ಮನಸ್ಸಿಟ್ಟು ದುಡಿಯಲ್ಲ, ಅಲ್ವಾ?

ಈ ರೀತಿ ಮಾಡಿದ ಸಣ್ಣ ಕಾರ್ಖಾನೆಯವರು ಯಾರಾದರೂ ಇದ್ದೀರಾ? 2016ರಲ್ಲಿ ಶುರುವಾದ ಎನ್‌ಎಪಿಎಸ್ (ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ) ಯೋಜನೆಯಲ್ಲಿ ಅಪ್ರೆಂಟಿಸ್ ಸ್ಟೈಪೆಂಡ್‌ನ ಶೇ. 25 ಭಾಗವನ್ನು ಕೇಂದ್ರ ಸರ್ಕಾರ ಕೊಡುತ್ತದೆ, ಒಂದು ಮಿತಿಯೊಳಗೆ. ಅದರಡಿ ಬಂದವರು ತರಬೇತಿ ಮುಗಿದ ಮೇಲೂ ನಿಮ್ಮಲ್ಲಿ ಉಳಿದರಾ? ಪಾಳಿ ಬದಲಾವಣೆ ಹೇಗೆ ಮಾಡುತ್ತೀರಿ? ಶಾಪ್ ಫ್ಲೋರ್‌ನಲ್ಲಿ ಕೆಲಸ ಮಾಡುವ ಹುಡುಗ ಹುಡುಗಿಯರೂ ದಯವಿಟ್ಟು ಬರೆಯಿರಿ. ನಿಮ್ಮ ಮಾತೇ ನನಗೆ ಜಾಸ್ತಿ ಬೇಕಾಗಿರುವುದು.