ಸಹಾಯ ಬೇಕು: ಘೋಷಣೆ ಮುಗಿದ ಮೇಲೆ ಸೀಟ್ ಪರದೆಯಲ್ಲಿ ಸ್ಕ್ರೀನ್ ರೀಡರ್ ಫೋಕಸ್ ತಪ್ಪುತ್ತಿದೆ

ವಿಮಾನದ ಸೀಟ್ ಪರದೆ ಆಂಡ್ರಾಯ್ಡ್‌ನದು, ಪರದೆಯಲ್ಲಿರುವುದನ್ನು ಓದಿ ಹೇಳಲು ಟಾಕ್‌ಬ್ಯಾಕ್ ಎಂಬ ಸ್ಕ್ರೀನ್ ರೀಡರ್. ಸಿಬ್ಬಂದಿಯ ಘೋಷಣೆ ಶುರುವಾದೊಡನೆ ಸಿನಿಮಾ ನಿಂತು ಪರದೆ ತುಂಬ ಸೂಚನೆ ಬರುತ್ತದೆ, ಅಲ್ಲಿವರೆಗೆ ಸರಿ. ಅದು ಸರಿದ ಮೇಲೆ ಫೋಕಸ್ (ಟಾಕ್‌ಬ್ಯಾಕ್ ಓದುತ್ತಿರುವ ಜಾಗ) ಮೊದಲಿದ್ದ ಬಟನ್‌ಗೆ ಮರಳದೆ ಪುಟದ ಮೇಲ್ತುದಿಗೆ ಹಾರುತ್ತದೆ. ದೃಷ್ಟಿಯಿಲ್ಲದ ಪ್ರಯಾಣಿಕರು ಪ್ರತಿ ಸಲವೂ ಮೊದಲಿನಿಂದ ಸ್ವೈಪ್ ಮಾಡುತ್ತ ಬರಬೇಕು.

ಸೂಚನೆ ಬಂದಾಗ ಹಿಂದಿನ ಪುಟವನ್ನೇ ಅಳಿಸಿ ಮತ್ತೆ ಕಟ್ಟುತ್ತಿರುವುದು ಲಾಗ್‌ನಲ್ಲಿ (ತಂತ್ರಾಂಶ ಬರೆದಿಡುವ ದಾಖಲೆಯಲ್ಲಿ) ಕಾಣುತ್ತದೆ. ಬಟನ್‌ನ ಐಡಿ ಉಳಿಸಿಟ್ಟು ಫೋಕಸ್ ಕೊಟ್ಟರೆ, ಪುಟ ಪೂರ್ತಿ ಮೂಡುವ ಮುಂಚೆಯೇ ಆಜ್ಞೆ ಹೋಗಿ ವ್ಯರ್ಥವಾಗುತ್ತದೆ. 500 ಮಿಲಿಸೆಕೆಂಡ್ ತಡಮಾಡಿದರೆ ಕೆಲವೊಮ್ಮೆ ಹಿಡಿಯುತ್ತದೆ, ಆದರೆ ಅದು ಬರೀ ತೇಪೆ.

ಪುಟ ಉಳಿಸಿಕೊಂಡು, ಸೂಚನೆಯನ್ನು ಮೇಲಿನ ಪದರವಾಗಿ ತೋರಿಸಿ, ಕೆಳಗಿನದನ್ನು ಟಾಕ್‌ಬ್ಯಾಕ್‌ನಿಂದ ಅಷ್ಟು ಹೊತ್ತು ಮರೆಮಾಡಿದವರಿದ್ದೀರಾ? ಪದರ ತೆಗೆದಾಗ ಫೋಕಸ್ ನಿಜಕ್ಕೂ ಹಿಂದಿರುಗಿತೇ?

ಇನ್ನೊಂದು: ಧ್ವನಿಮುದ್ರಿತ ಘೋಷಣೆಗಳಿಗೆ ಪಠ್ಯ ಜೋಡಿಸಿಯಾಗಿದೆ. ಪೈಲಟ್ ನೇರವಾಗಿ ಆಡುವ ಮಾತನ್ನು ಕಿವುಡ ಪ್ರಯಾಣಿಕರಿಗೆ ತಲುಪಿಸುವುದು ಹೇಗೆ?