ಪದಚರ್ಚೆ: ‘ವೈರಿ’ ಎನ್ನಬೇಕೋ, ‘ಆಗದವರು’ ಎನ್ನಬಹುದೋ?

ಬಳಗದ ಎಲ್ಲರಿಗೂ ಮಂಗಳೂರಿನಿಂದ ನಮಸ್ಕಾರ.

ನಮ್ಮ ಸಭೆಯ ಸಂಡೇ ಸ್ಕೂಲಿನಲ್ಲಿ ಆರು, ಏಳನೇ ಕ್ಲಾಸಿನ ಮಕ್ಕಳಿಗೆ ಪಾಠ ಮಾಡುತ್ತೇನೆ. ಹೋದ ಭಾನುವಾರ ಬೈಬಲಿನ ಮತ್ತಾಯ 5:44 ಬಂತು: ‘ನಿಮ್ಮ ವೈರಿಗಳನ್ನು ಪ್ರೀತಿಸಿರಿ.’ ಯಾರಿಗೆಲ್ಲ ವೈರಿಗಳಿದ್ದಾರೆ ಎಂದು ಕೇಳಿದೆ. ಒಂದು ಕೈಯೂ ಏಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, “ವೈರಿ ಯಾರೂ ಇಲ್ಲ ಟೀಚರ್, ಆದ್ರೆ ನಮ್ಮ ಚಿಕ್ಕಪ್ಪನವರಿಗೂ ನಮಗೂ ಆಗುದಿಲ್ಲ” ಅಂದಳು. ಆಮೇಲೆ ನೋಡಬೇಕು, ಪ್ರತಿಯೊಂದು ಮಗುವಿಗೂ ‘ಆಗದವರು’ ಒಬ್ಬರಲ್ಲ ಒಬ್ಬರು ಇದ್ದರು.

ಅಂದಿನಿಂದ ಈ ಪದ ನನ್ನ ತಲೆಯಲ್ಲೇ ಕೂತಿದೆ. ನಮ್ಮ ಕಡೆ ‘ವೈರಿ’ ಎಂಬ ಮಾತು ಕಿವಿಗೆ ಬೀಳುವುದು ಹೆಚ್ಚಾಗಿ ಯಕ್ಷಗಾನದ ರಂಗಸ್ಥಳದಲ್ಲಿ. ಕೇಳಿದ ಕೂಡಲೇ ಬಿಲ್ಲು, ಗದೆ, ಚೆಂಡೆಯ ಸದ್ದು ನೆನಪಾಗುತ್ತದೆ. ‘ಶತ್ರು’ ಅಂದರೆ ಗಡಿಯಾಚೆಯ ಸೈನ್ಯ. ‘ಹಗೆ’ ಅಚ್ಚಗನ್ನಡದ್ದು, ಹಳಗನ್ನಡದ ‘ಪಗೆ’. ತುಳುವಿನಲ್ಲಿ ಇವತ್ತಿಗೂ ‘ಪಗೆ’ಯೇ. ಆದರೆ ಪೇಟೆಯ ಮಕ್ಕಳ ಬಾಯಲ್ಲಿ ಅದೂ ಇಲ್ಲ. ಅವರ ಬಾಯಲ್ಲಿ ಇರುವುದು ‘ಆಗುದಿಲ್ಲ’, ತುಳುವಾದರೆ ‘ಆಪುಜಿ’.

ಮೂಲ ಗ್ರೀಕಿನ ಪದ ‘ಎಖ್ತ್ರೋಸ್’. ಅದು ದ್ವೇಷ ಎಂಬ ಅರ್ಥದ ಪದದಿಂದ ಹುಟ್ಟಿದ್ದು. ಯುದ್ಧಭೂಮಿಯ ಎದುರಾಳಿಗೆ ‘ಪೊಲೇಮಿಯೋಸ್’ ಎಂಬ ಬೇರೆಯೇ ಪದ ಆ ಭಾಷೆಯಲ್ಲಿತ್ತು. ಲ್ಯಾಟಿನ್ ಬೈಬಲಿನಲ್ಲಿ ಈ ವಾಕ್ಯಕ್ಕೆ ಬಳಸಿದ ಪದ ನನಗೆ ಇನ್ನೂ ಇಷ್ಟವಾಯಿತು. ದೇಶದ ಶತ್ರುವಿಗೆ ಹೇಳುವ ‘ಹೋಸ್ತಿಸ್’ ಅಲ್ಲ, ‘ಇನಿಮೀಕುಸ್’. ‘ಅಮೀಕುಸ್’ ಅಂದರೆ ಸ್ನೇಹಿತ. ಅದರ ಮೊದಲಿಗೆ ಅಲ್ಲ ಎಂಬ ಅರ್ಥದ ‘ಇನ್’ ಸೇರಿದೆ. ಆಗುವವರು, ಆಗದವರು ಎಂದು ನಾವು ಹೇಳುವುದೂ ಹೆಚ್ಚುಕಡಿಮೆ ಹೀಗೆಯೇ ಅಲ್ಲವೇ?

ಹಾಗಂತ ‘ವೈರಿ’ಯನ್ನು ತೆಗೆದುಬಿಡಲು ಮನಸ್ಸು ಒಪ್ಪುತ್ತಿಲ್ಲ. ಅದೇ ವಚನದಲ್ಲಿ ಮುಂದೆ, ಹಿಂಸೆಪಡಿಸುವವರಿಗಾಗಿ ಪ್ರಾರ್ಥಿಸಿರಿ ಎಂದಿದೆ. ಹಳೆಯ ಒಡಂಬಡಿಕೆಯ ಗ್ರೀಕ್ ಅನುವಾದದಲ್ಲಿ ದಂಡೆತ್ತಿ ಬಂದವರಿಗೂ ಎಖ್ತ್ರೋಸ್ ಎಂದೇ ಇದೆ. ನಿಜವಾಗಿ ಪೆಟ್ಟು ತಿಂದವನ ಎದುರು ‘ನಿನಗೆ ಆಗದವರು’ ಎಂದರೆ ಅವನ ನೋವನ್ನು ಪಾಗಾರದ (ಕಾಂಪೌಂಡ್ ಗೋಡೆಯ) ಜಗಳದ ಮಟ್ಟಕ್ಕೆ ಇಳಿಸಿದ ಹಾಗಾಗುತ್ತದೆ. ಇದು ನನ್ನನ್ನು ತುಂಬ ಕಾಡುತ್ತಿದೆ.

ಇನ್ನು ‘ಪ್ರೀತಿಸು’. ಇದು ಇನ್ನೂ ಕಷ್ಟದ್ದು. ‘ಅವನಿಗೆ ಬಂಗುಡೆ ಅಂದರೆ ಪ್ರೀತಿ’ ಎನ್ನುತ್ತೇವೆ. ಸಂಸ್ಕೃತದ ‘ಪ್ರೀ’ ಧಾತುವಿನಲ್ಲೇ ಮೆಚ್ಚುವ, ತೃಪ್ತಿಪಡುವ ಅರ್ಥವಿದೆ. ಮೆಚ್ಚು ಎಂದು ಅಪ್ಪಣೆ ಕೊಟ್ಟರೆ ಯಾರಿಗಾದರೂ ಮೆಚ್ಚಲು ಆಗುತ್ತದೆಯೇ? ಪ್ರೀತಿಗೆ ಗ್ರೀಕಿನಲ್ಲಿರುವ ‘ಅಗಾಪೆ’ ಇಲ್ಲಿ ಮನಸ್ಸಿಗೆ ಹಿಡಿಸುವ ಮಾತಲ್ಲ, ಇನ್ನೊಬ್ಬರ ಒಳಿತನ್ನು ಬಯಸಿ ಕೈಲಾದದ್ದು ಮಾಡುವುದು. ಲೂಕ 6:27ರಲ್ಲಿ ಅದರ ಪಕ್ಕದಲ್ಲೇ ದ್ವೇಷಿಸುವವರಿಗೆ ಉಪಕಾರ ಮಾಡಿರಿ ಎಂದು ಬರುತ್ತದೆ. ವಿಮೋಚನಕಾಂಡ 23ರಲ್ಲಂತೂ ಪ್ರೀತಿಯ ಮಾತೇ ಇಲ್ಲ: ವೈರಿಯ ಎತ್ತು, ಕತ್ತೆ ದಾರಿ ತಪ್ಪಿದ್ದು ಕಂಡರೆ ಹೊಡೆದುಕೊಂಡು ಹೋಗಿ ಅವನಿಗೇ ಒಪ್ಪಿಸು, ಅಷ್ಟೆ. ಕೊಂಕಣಿಯ ‘ಮೋಗ್’, ತುಳುವಿನ ‘ಮೋಕೆ’ಯಲ್ಲೂ ಮಮತೆಯೇ ಮುಂದಿದೆ, ಹಾಗಾಗಿ ನೆರೆಭಾಷೆಗಳಿಂದಲೂ ನನಗೆ ದಾರಿ ಸಿಗಲಿಲ್ಲ.

ಉಡುಪಿ ಹತ್ತಿರದ ನನ್ನ ದೊಡ್ಡಮ್ಮನ ನೆನಪು ಬರುತ್ತದೆ. ಮಳೆನೀರಿನ ತೋಡಿನ ವಿಷಯದಲ್ಲಿ ಪಕ್ಕದ ಮನೆಯವರಿಗೂ ಅವರಿಗೂ ಒಂಬತ್ತು ವರ್ಷ ಮಾತಿರಲಿಲ್ಲ. ಒಂದು ಮೇ ತಿಂಗಳು ಅವರ ಬಾವಿ ಬತ್ತಿತು. ದೊಡ್ಡಮ್ಮ ಬೆಳಿಗ್ಗೆ ಎದ್ದು ಗೇಟಿನ ಚಿಲಕ ತೆಗೆದರು, ಬಾವಿಕಟ್ಟೆಯ ಮೇಲೆ ಹಗ್ಗ ಕಟ್ಟಿದ ಕೊಡಪಾನ ಇಟ್ಟು ಒಳಗೆ ಹೋಗಿ ಕೂತರು. ರಾಟೆಯ ಕಿರ್ರ್ ಶಬ್ದ ಕೇಳಿದಾಗ ಕಿಟಕಿಯಿಂದಲೂ ನೋಡಲಿಲ್ಲ. ಮಳೆ ಹಿಡಿಯುವವರೆಗೂ ದಿನಾ ಹೀಗೆಯೇ. “ಈಗ ಅವರ ಮೇಲೆ ಪ್ರೀತಿ ಬಂತಾ ದೊಡ್ಡಮ್ಮ?” ಎಂದು ಕೇಳಿದೆ. “ಪ್ರೀತಿ ಎಲ್ಲಿಂದ? ನೀರು ಬೇಕಲ್ಲ ಅವರಿಗೆ” ಅಂದರು. ಆ ಕೊಡಪಾನವೇ ಅಗಾಪೆ ಎಂದು ನಾನು ನಂಬಿದ್ದೇನೆ. ಅದಕ್ಕೆ ಕನ್ನಡದಲ್ಲಿ ಒಂದು ಕ್ರಿಯಾಪದ ಬೇಕು. ‘ಒಳ್ಳೇದು ಮಾಡಿ’ ಎಂದರೆ ಒಳಗಿನ ಬಯಕೆ ಬಿಟ್ಟುಹೋಗುತ್ತದೆ. ‘ಒಲಿಯಿರಿ’ ಎಂದರೆ ದೇವರು ಭಕ್ತನಿಗೆ ಒಲಿದ ಹಾಗೆ ಕೇಳುತ್ತದೆ. ‘ಹಿತ ಬಯಸಿ’ ಹತ್ತಿರವಿದೆ, ಆದರೆ ಮದುವೆ ಕಾಗದದ ‘ಹಿತೈಷಿಗಳು’ ನೆನಪಾಗುತ್ತದೆ.

1834ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದ ಮೇಲೆ ಇಲ್ಲಿನ ಕ್ರೈಸ್ತರ ಕನ್ನಡ ಒಂದು ರೀತಿಯಲ್ಲಿ ಗಟ್ಟಿಯಾಯಿತು. ಆ ಭಾಷೆಯಲ್ಲೇ ಬೆಳೆದವಳು ನಾನು, ಅದನ್ನು ತಿದ್ದುವ ಆಸೆ ನನಗಿಲ್ಲ. ಪಾಠ ಹೇಳುವಾಗ ವಚನವನ್ನು ಇದ್ದಂತೆಯೇ ಓದಿ, ಅರ್ಥ ಬಿಡಿಸುವಲ್ಲಿ ಮೊದಲು ‘ಆಗದವರು’, ಆಮೇಲೆ ‘ಹಿಂಸೆ ಕೊಡುವವರು’ ಎನ್ನೋಣ ಎಂದುಕೊಂಡಿದ್ದೇನೆ.

ಘಟ್ಟದ ಮೇಲಿನವರು ಹೇಳಿ: ನಿಮ್ಮಲ್ಲಿ ‘ಆಗದವರು’ ಎಂದರೆ ಬರೀ ಮಾತು ಬಿಟ್ಟವರೋ, ಕೆಡುಕು ಮಾಡುವವರೂ ಸೇರುತ್ತಾರೋ? ‘ಆಗದವರು ಮಾಟ ಮಾಡಿಸಿದ್ದಾರೆ’ ಎಂಬಲ್ಲಿ ಎರಡನೆಯ ಅರ್ಥವೇ ಇದ್ದಂತಿದೆ. ಕುಂದಾಪುರದ ಕಡೆಯವರು ಬೇರೆ ಪದ ಬಳಸುತ್ತೀರಾ? ದೊಡ್ಡಮ್ಮ ಮಾಡಿದ್ದಕ್ಕೆ ನಿಮ್ಮೂರಿನ ಹಿರಿಯರ ಬಾಯಲ್ಲಿ ಏನಾದರೂ ಮಾತಿದ್ದರೆ ಶನಿವಾರದೊಳಗೆ ಬರೆಯಿರಿ. ಭಾನುವಾರ ಇದೇ ಪಾಠ ಮುಂದುವರಿಯುತ್ತದೆ, ಆ ಹುಡುಗಿ ಬಂದೇ ಬರುತ್ತಾಳೆ.