ಅಳಿವಿನಂಚು ಎಷ್ಟು ಅಗಲ?

ಮೊನ್ನೆ ನಮ್ಮ ದೇಶದ ಹಕ್ಕಿಗಳ ಬಗ್ಗೆ ಒಂದು ಲೇಖನದ ಕರಡು ತಿದ್ದುತ್ತಾ ಕೂತಿದ್ದೆ. ಎರಡು ಪುಟದಲ್ಲಿ ‘ಅಳಿವಿನಂಚಿನಲ್ಲಿರುವ’ ಏಳು ಸಲ ಬಂದಿತ್ತು. ಗುಬ್ಬಚ್ಚಿಗೂ ಅದೇ, ಸಾರಸ ಕೊಕ್ಕರೆಗೂ ಅದೇ, ರಣಹದ್ದಿಗೂ ಅದೇ, ಎರೆಭೂತಕ್ಕೂ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಅದೇ. ಒಂದೇ ಅಂಚಿನ ಮೇಲೆ ಇಷ್ಟೊಂದು ಹಕ್ಕಿ ಹಿಡಿಸುತ್ತಾ?

ಗುಬ್ಬಚ್ಚಿಯನ್ನು ಮೊದಲು ಹೊಡೆದುಹಾಕಿದೆ (ಪದವನ್ನು, ಹಕ್ಕಿಯನ್ನಲ್ಲ). ಪೇಟೆಗಳಲ್ಲಿ ಕಡಿಮೆ ಕಾಣುತ್ತಿರಬಹುದು, ಆದರೆ ಯಾವ ಜೀವಿಗೆ ಅಳಿವಿನ ಅಪಾಯ ಎಷ್ಟು ಎಂದು ಹೇಳುವ ಐಯುಸಿಎನ್ (ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟ) ಕೆಂಪು ಪಟ್ಟಿ ಅದನ್ನು ಚಿಂತೆಯಿಲ್ಲದವುಗಳ ಜೊತೆ ಇಟ್ಟಿದೆ. ಉಳಿದವಕ್ಕೆ ಅದೇ ಪಟ್ಟಿಯಲ್ಲಿ ಅಪಾಯ ಏರುತ್ತಾ ಹೋಗುವ ಮೂರು ಮೆಟ್ಟಿಲು: ವಲ್ನರಬಲ್, ಎಂಡೇಂಜರ್ಡ್, ಕ್ರಿಟಿಕಲಿ ಎಂಡೇಂಜರ್ಡ್. ಒಂದು ಅಳತೆಯ ಪ್ರಕಾರ ಹತ್ತು ವರ್ಷ ಅಥವಾ ಮೂರು ತಲೆಮಾರಿನಲ್ಲಿ (ಯಾವುದು ಹೆಚ್ಚೋ ಅದು) ಸಂಖ್ಯೆ ನೂರಕ್ಕೆ 30, 50, 80ರಷ್ಟು ಇಳಿದರೆ ಒಂದೊಂದು ಮೆಟ್ಟಿಲು. ಸಾರಸ ಮೊದಲನೆಯದರಲ್ಲಿದೆ. ರಾಮನಗರದ ರಾಮದೇವರ ಬೆಟ್ಟದ ಬಿಳಿ ರಣಹದ್ದು ಎರಡನೆಯದರಲ್ಲಿ. ಅದೇ ಬೆಟ್ಟದ ಉದ್ದ ಕೊಕ್ಕಿನ ರಣಹದ್ದು ಮೂರನೆಯದರಲ್ಲಿ! ಕನ್ನಡದಲ್ಲಿ ಮಾತ್ರ ಎರಡೂ ಅಂಚಿನಲ್ಲೇ ಕೂತಿವೆ.

ವಲ್ನರಬಲ್‌ಗೆ ಕೆಲವರು ‘ದುರ್ಬಲ’ ಅಂತ ಬರೆಯುತ್ತಾರೆ. ಆಳೆತ್ತರದ ಸಾರಸವನ್ನು ದುರ್ಬಲ ಅಂದರೆ ನಗು ಬರುತ್ತದೆ. ನಾನು ಸದ್ಯಕ್ಕೆ ಮೊದಲೆರಡು ಮೆಟ್ಟಿಲಿಗೆ ‘ಆಪತ್ತಿಗೆ ಹತ್ತಿರದ’, ‘ಆಪತ್ತಿನಲ್ಲಿರುವ’ ಎಂದು ಹಾಕಿ, ‘ಅಳಿವಿನಂಚು’ ಕೊನೆಯದಕ್ಕೆ ಮಾತ್ರ ಉಳಿಸಿದ್ದೇನೆ. ಮೊದಲನೆಯದು ಸ್ವಲ್ಪ ಜಾಸ್ತಿ ಉದ್ದವಾಯಿತು, ಅಲ್ವಾ? ಒಂದೇ ಪದ ಹೊಳೆದರೆ ಹೇಳಿ.

ಇನ್ನೊಂದು ಸಂದೇಹ ಎರೆಭೂತದ್ದು. ದೇಶದಲ್ಲೆಲ್ಲ ಸೇರಿ ಸುಮಾರು 150 ಉಳಿದಿವೆ ಎನ್ನುತ್ತಾರೆ, ಬಹುಪಾಲು ರಾಜಸ್ಥಾನದ ಜೈಸಲ್ಮೇರ್ ಸುತ್ತ. ಹಾರುವಾಗ ನೇರ ಮುಂದಿರುವ ವಿದ್ಯುತ್ ತಂತಿ ಅದಕ್ಕೆ ಸರಿಯಾಗಿ ಕಾಣುವುದಿಲ್ಲ, ಮೈಭಾರಕ್ಕೆ ಥಟ್ಟನೆ ತಿರುಗಲೂ ಆಗುವುದಿಲ್ಲ. ಇದಕ್ಕೆ ‘ಅಂಚು’ ಅನ್ನುವುದರಲ್ಲಿ ತಕರಾರಿಲ್ಲ. ಹೆಸರಿನದೇ ತಕರಾರು. ಎರೆಹುಳು ತಿನ್ನುವುದರಿಂದ ಎರೆಭೂತ ಅಂತ ಲೇಖಕರು ವಿವರಣೆ ಕೊಟ್ಟಿದ್ದರು. ಅದು ತಿನ್ನುವುದು ಹೆಚ್ಚಾಗಿ ಮಿಡತೆ, ಜೀರುಂಡೆ, ಕಾಳು. ನನ್ನ ಪ್ರಕಾರ ಇದು ಎರೆ ಹೊಲದ ಎರೆ, ಅಂದರೆ ಕಪ್ಪು ಮಣ್ಣು. ಕರ್ನಾಟಕದಲ್ಲಿ ಇದು ಕಾಣಿಸಿರುವ ಸಿರುಗುಪ್ಪದ ಕಡೆ ಇರುವುದೂ ಎರೆ ಭೂಮಿಯೇ. ಅಂಥ ಬಯಲಿನಲ್ಲಿ ಮೀಟರ್ ಎತ್ತರದ ಹಕ್ಕಿ ಮಬ್ಬುಗತ್ತಲಲ್ಲಿ ಸುಮ್ನೆ ನಿಂತಿದ್ದರೆ ಭೂತ ಅನ್ನಿಸದೆ ಇರುತ್ತಾ?

ಇದರ ಇನ್ನೊಂದು ಹೆಸರು ಎರ್ಲಡ್ಡು. ಅದರಲ್ಲೂ ಇದೇ ಎರೆ ಇದ್ದಂತಿದೆ. ಹಾಗಾದರೆ ಲಡ್ಡು ಯಾವುದು? ತಿನ್ನುವ ಲಡ್ಡು ಇರಲಾರದು. ಬಳ್ಳಾರಿ, ಹಾವೇರಿ ಕಡೆಯವರು ಮನೆಯ ಹಿರಿಯರನ್ನು ಕೇಳಿ ತಿಳಿಸುತ್ತೀರಾ?